ಓಡುವಾಗ ಚಕ್ರ, ದುಡಿಯುವಾಗ ಕಾಲು

ಪತ್ತನಾಜೆ ಹತ್ತಿರ ಬಂತೆಂದರೆ ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ ಕಡೆಯ ಕೃಷಿಕರ ಮನೆಯಲ್ಲಿ ಒಂದು ಕೆಲಸ ತಪ್ಪಿದ್ದಲ್ಲ. ಅಂಗಳದಲ್ಲಿ, ಚಪ್ಪರದ ಅಡಿಯಲ್ಲಿ ಇದ್ದದ್ದೆಲ್ಲ ಒಳಗೆ ಬರಬೇಕು. ವರ್ಷಕ್ಕೆ 4000 ಮಿ.ಮೀ. ಆಸುಪಾಸು ಮಳೆ ಬೀಳುವ ಊರು ನಮ್ಮದು. ಕಟ್ಟಿಗೆ, ಸೋಗೆ, ಗೇರುಬೀಜದ ಗೋಣಿ, ಬೈಕು ಎಲ್ಲವೂ ಒಂದೇ ಶೆಡ್ಡಿಗೆ. ಅದರ ನಡುವೆ ಒಂದು ಭಾರದ ಯಂತ್ರ ಇದ್ದರೆ ಮುಗಿಯಿತು, ಅದನ್ನು ಸರಿಸಲು ನಾಲ್ಕು ಜನ ಬೇಕು. ಈಗ ನಾಲ್ಕು ಜನ ಒಟ್ಟಿಗೆ ಸಿಗುವುದೆಲ್ಲಿ?

ನನ್ನದು ಬೆಟ್ಟು ಜಾಗ, ಮಳೆಯನ್ನೇ ನಂಬಿದ ಕೃಷಿ. ಇಂಥ ಜಾಗದಲ್ಲಿ ಬೆಳೆಯ ಜೊತೆಗೆ ಹಲಸು, ಸಾಗುವಾನಿ, ಮಹಾಗನಿ ಸಹ ಬೆಳೆಯುತ್ತದೆ. ಗಾಳಿಗೆ ಬಿದ್ದ ಮರವನ್ನು ಮಿಲ್ಲಿನಲ್ಲಿ ಸೀಳಿಸಿ ತಂದು, ಮಳೆಗಾಲದ ಬಿಡುವಿನಲ್ಲಿ ಬಾಗಿಲು, ಕಿಟಕಿ, ಬೆಂಚು ಮಾಡಿಕೊಳ್ಳುವವರು ನಮ್ಮಲ್ಲಿ ಇದ್ದಾರೆ. ಅದಕ್ಕೆಂದು ಹಲಗೆ ನಯ ಮಾಡುವ ಪ್ಲೇನರ್ ಅಥವಾ ಗರಗಸದ ಮೇಜು ಇಟ್ಟುಕೊಂಡವರಿಗೆ ಈ ಪಾಠ. ಕಾಲಿನ ಮೇಲೆ ನಿಲ್ಲುವ ಬೇರೆ ಭಾರದ ಯಂತ್ರಗಳಿಗೂ ಇದೇ ಲೆಕ್ಕ ನಡೆಯುತ್ತದೆ.

ಬರೀ ಚಕ್ರ ಯಾಕೆ ಸಾಲದು?

‘ಅಡಿಗೆ ನಾಲ್ಕು ಚಕ್ರ ಹಾಕಿದರಾಯಿತಲ್ಲ’ ಅಂತ ಯಾರಿಗಾದರೂ ಅನಿಸುತ್ತದೆ. ಸರಿಸುವುದಕ್ಕೆ ಸಾಕು, ಕೆಲಸಕ್ಕೆ ಆಗದು. ಪ್ಲೇನರಿನಲ್ಲಿ ನಾವು ಹಲಗೆಯನ್ನು ಮುಂದಕ್ಕೆ ದೂಡುತ್ತೇವೆ. ಯಂತ್ರ ಚಕ್ರದ ಮೇಲೆ ನಿಂತಿದ್ದರೆ ಅದೂ ಒಂದಿಷ್ಟು ಮುಂದೆ ಜಾರುತ್ತದೆ. ಹಲಗೆ ಸಿಕ್ಕಿಕೊಂಡಾಗ ನಾವು ಇನ್ನೂ ಬಲ ಹಾಕುತ್ತೇವೆ. ಆ ಹೊತ್ತಿಗೆ ಯಂತ್ರ ಅಲುಗಾಡಿದರೆ ಕೈ ಹೋಗುವುದು ಬ್ಲೇಡಿನ ಕಡೆಗೇ. ಬೆರಳು ಹೋದವ ಮತ್ತೆ ಕತ್ತಿ ಹಿಡಿಯುವುದೂ ಕಷ್ಟ, ಹಾಲು ಕರೆಯುವುದೂ ಕಷ್ಟ.

ಬ್ರೇಕು ಇರುವ ಚಕ್ರ ಸಿಗುತ್ತದೆ, ಹೌದು. ಹೆಚ್ಚಿನ ಬ್ರೇಕು ಹಿಡಿಯುವುದು ಚಕ್ರ ಉರುಳುವುದನ್ನು ಮಾತ್ರ. ಚಕ್ರದ ತಲೆ ಅತ್ತಿತ್ತ ತಿರುಗುವುದು ಬಾಕಿಯೇ ಉಳಿಯುತ್ತದೆ, ಹಾಗಾಗಿ ಯಂತ್ರ ನಡುಗುವುದು ನಿಲ್ಲುವುದಿಲ್ಲ. ಇನ್ನೊಂದು, ರಬ್ಬರಿನ ಚಕ್ರದ ಮೇಲೆ ತಿಂಗಳುಗಟ್ಟಲೆ ಭಾರ ಕೂತರೆ ಅದು ಒಂದು ಬದಿ ಚಪ್ಪಟೆ ಆಗುತ್ತದೆ.

ಆದ್ದರಿಂದ ಸೂತ್ರ ಇಷ್ಟೇ: ಸಾಗಿಸುವಾಗ ಮಾತ್ರ ಭಾರ ಚಕ್ರದ ಮೇಲೆ, ಕೆಲಸದ ಹೊತ್ತಿಗೆ ಯಂತ್ರ ತನ್ನ ಕಾಲಿನ ಮೇಲೆ.

ನಮ್ಮ ಊರಿನದ್ದೇ ದೊಡ್ಡ ಉದಾಹರಣೆ ಉಂಟು. ಧರ್ಮಸ್ಥಳದ 39 ಅಡಿಯ ಬಾಹುಬಲಿ ಮೂರ್ತಿಯನ್ನು ಕೆತ್ತಿದ್ದು ಕಾರ್ಕಳದಲ್ಲಿ, ಶಿಲ್ಪಿ ರೆಂಜಾಳ ಗೋಪಾಲ ಶೆಣೈಯವರು. 1973ರಲ್ಲಿ ಅದು ಬಹುಚಕ್ರಗಳ ಟ್ರಾಲಿಯಲ್ಲಿ ಮಲಗಿ ಧರ್ಮಸ್ಥಳಕ್ಕೆ ಬಂತು. ದಾರಿಯ ಬದಿ ನಿಂತು ನೋಡಿದ ಹಿರಿಯರು ಈಗಲೂ ಅದನ್ನು ಹೇಳುತ್ತಾರೆ. ಅಷ್ಟು ದೊಡ್ಡ ಭಾರವನ್ನು ತುಂಬ ಚಕ್ರಗಳಿಗೆ ಹಂಚಿದ್ದರಿಂದ ರಸ್ತೆ ತಡೆದುಕೊಂಡಿತು. ಬೆಟ್ಟಕ್ಕೆ ತಲುಪಿದ ಮೇಲೆ ಮೂರ್ತಿ ನಿಂತದ್ದು ಗಟ್ಟಿ ನೆಲೆಯ ಮೇಲೆ. 1982ರಲ್ಲಿ ಮಹಾಮಸ್ತಕಾಭಿಷೇಕ ಆಯಿತು. ದಾರಿಗೆ ಚಕ್ರ, ನಿಲ್ಲಲಿಕ್ಕೆ ನೆಲೆ. ನಮ್ಮ ಶೆಡ್ಡಿನ ಯಂತ್ರಕ್ಕೂ ಬೇಕಾದದ್ದು ಇದೇ.

ಚಕ್ರದ ಆಯ್ಕೆ

ಮೊದಲು ಯಂತ್ರದ ಭಾರ ತಿಳಿಯಬೇಕು. ಉದಾಹರಣೆಗೆ 240 ಕಿಲೋ ಅಂತ ಇಟ್ಟುಕೊಳ್ಳುವ. ನಾಲ್ಕು ಚಕ್ರಕ್ಕೆ 60 ಕಿಲೋದಂತೆ ಅಂತ ಲೆಕ್ಕ ಹಾಕಬಾರದು. ನಮ್ಮ ನೆಲ ಎಲ್ಲಿಯೂ ಸಮತಟ್ಟಾಗಿ ಇರುವುದಿಲ್ಲ, ಒಂದು ಚಕ್ರ ಗಾಳಿಯಲ್ಲಿ ನಿಲ್ಲುವುದೇ ಹೆಚ್ಚು. ಆದ್ದರಿಂದ ಮೂರರಿಂದ ಭಾಗಿಸಿ: 240 ÷ 3 = 80. ಒಂದೊಂದು ಚಕ್ರವೂ 100 ಕಿಲೋಗೆ ಕಡಿಮೆ ಇಲ್ಲದ್ದು ಇರಲಿ.

ಗಾತ್ರ 4 ಇಂಚು ಒಳ್ಳೆಯದು. 2 ಇಂಚಿನ ಚಕ್ರ ಸಿಮೆಂಟು ನೆಲದ ಬಿರುಕಿಗೆ, ಸಣ್ಣ ಕಲ್ಲಿಗೆ ಸಿಕ್ಕಿ ನಿಲ್ಲುತ್ತದೆ. ಎರಡು ನೇರ ಓಡುವ ಚಕ್ರ, ಎರಡು ತಲೆ ತಿರುಗುವ ಚಕ್ರ ತನ್ನಿ. ನಾಲ್ಕೂ ತಿರುಗುವುದಾದರೆ ಯಂತ್ರ ಇಳಿಜಾರಿನಲ್ಲಿ ಅಡ್ಡ ಓಡುತ್ತದೆ, ಹಿಡಿತಕ್ಕೆ ಸಿಗದು. ಸಗಣಿ ಸಾರಿಸಿದ ಮಣ್ಣಿನ ಅಂಗಳದಲ್ಲಿ ಇಂಥ ಚಕ್ರ ಹೂತು ಹೋಗುತ್ತದೆ. ಅಲ್ಲಿ ಹಲಗೆ ಹಾಸಿಕೊಂಡೇ ದೂಡಬೇಕು.

ಮಾಡುವ ಕ್ರಮ

ಯಂತ್ರದ ಉದ್ದದ ಎರಡು ತುದಿಗಳಿಗೆ ಒಂದೊಂದು ಹಲಗೆ ಬೇಕು. ಹಲಸು ಅಥವಾ ಬೋಗಿ ಮರ, ಎರಡು ಇಂಚು ದಪ್ಪ, ಎಂಟು ಇಂಚು ಅಗಲ, ಉದ್ದ ಯಂತ್ರದ ಅಗಲದಷ್ಟು. ವೆಲ್ಡಿಂಗ್ ಮಾಡಿಸುವವರು ಹಲಗೆಯ ಬದಲು ಆಂಗ್ಲ್ ಕಬ್ಬಿಣ ಹಾಕಬಹುದು.

1. ಹಲಗೆಯ ಒಂದು ಅಂಚನ್ನು ಯಂತ್ರದ ಕಾಲುಗಳ ಚೌಕಟ್ಟಿಗೆ ಗಟ್ಟಿ ಬಿಜಾಗರಿಯಿಂದ ಜೋಡಿಸಬೇಕು. ಮೊಳೆ ಬೇಡ, ಬೋಲ್ಟು ಹಾಕಿ.

2. ಹಲಗೆಯ ಅಡಿಗೆ ಎರಡು ಚಕ್ರ. ಬಿಜಾಗರಿಯಿಂದ ಚಕ್ರಕ್ಕೆ ಮೂರು ಇಂಚು ದೂರ. ಎರಡು ಚಕ್ರಗಳ ನಡುವೆ ಎಷ್ಟು ಅಂತರ ಸಿಗುತ್ತದೋ ಅಷ್ಟೂ ಇರಲಿ, ಯಂತ್ರ ವಾಲುವುದಿಲ್ಲ. ಒಂದು ಹಲಗೆಗೆ ನೇರ ಓಡುವ ಜೋಡಿ, ಇನ್ನೊಂದಕ್ಕೆ ತಿರುಗುವ ಜೋಡಿ.

3. ಹಲಗೆಯ ಮೇಲೆ ನಡುವಿನಲ್ಲಿ ಪೈಪಿನ ಒಂದು ತುಂಡನ್ನು ಕ್ಲಾಂಪು ಹಾಕಿ ಕೂರಿಸಿ. ಅದರೊಳಗೆ ಇನ್ನೊಂದು ಉದ್ದದ ಕಬ್ಬಿಣದ ಪೈಪು ತೂರಿಸಿದರೆ ಅದೇ ಕಾಲಿನಿಂದ ಒತ್ತುವ ಸನ್ನೆ. ಕೆಲಸ ಮುಗಿದ ಮೇಲೆ ಎಳೆದು ತೆಗೆದಿಡಬೇಕು, ಯಾರಿಗೂ ಎಡವುವುದಿಲ್ಲ.

4. ಚೌಕಟ್ಟಿನಿಂದ ಹಲಗೆಯ ಮೇಲಕ್ಕೆ ಚಾಚಿದ ಒಂದು ಗಟ್ಟಿ ಬ್ರಾಕೆಟ್ ಮಾಡಿ, ಅದಕ್ಕೆ ಇನ್ನೊಂದು ಬಿಜಾಗರಿಯಿಂದ ಮರದ ತುಂಡನ್ನು ತೂಗಿ ಬಿಡಿ. ಇದು ಬೀಗ. ಹಲಗೆಯನ್ನು ಕೆಳಗೆ ಒತ್ತಿದಾಗ ಈ ತುಂಡು ತಾನಾಗಿ ನೇರಕ್ಕೆ ಬಂದು ಹಲಗೆಯ ಮೇಲೆ ನಿಲ್ಲುತ್ತದೆ, ಹಲಗೆ ಮತ್ತೆ ಮೇಲೆ ಬಾರದಂತೆ ತಡೆಯುತ್ತದೆ. ತುಂಡು ಜಾರದಂತೆ ಹಲಗೆಯ ಮೇಲೆ ಸಣ್ಣ ಪಟ್ಟಿ ಬಡಿಯಿರಿ. ತುಂಡಿಗೆ ಒಂದು ಹಗ್ಗ ಕಟ್ಟಿ.

ಬಿಜಾಗರಿ ಎಷ್ಟು ಎತ್ತರಕ್ಕೆ ಹಾಕಬೇಕು ಅಂತ ತಲೆ ಕೆಡಿಸಿಕೊಳ್ಳಬೇಡಿ. ಯಂತ್ರದ ನಾಲ್ಕೂ ಕಾಲಿನ ಅಡಿಗೆ 12 ಮಿ.ಮೀ. ಪ್ಲೈವುಡ್ ತುಂಡು ಇಡಿ. ಚಕ್ರ ಜೋಡಿಸಿದ ಹಲಗೆಯನ್ನು ಪಕ್ಕದಲ್ಲಿ ನೆಲಕ್ಕೆ ಸಮನಾಗಿ ಹಿಡಿಯಿರಿ. ಅದರ ಅಂಚು ಚೌಕಟ್ಟಿಗೆ ಎಲ್ಲಿ ತಾಗುತ್ತದೋ ಅಲ್ಲೇ ಬಿಜಾಗರಿ. ಬೀಗದ ತುಂಡಿನ ಉದ್ದವನ್ನೂ ಆಗಲೇ ಗುರುತು ಮಾಡಿ. ಬೀಗ ಬಿದ್ದಾಗ ಹಲಗೆ ಸಮವಾಗಿರುವುದು ಮುಖ್ಯ. ಓರೆ ಆದರೆ ಚಕ್ರದ ತಲೆ ಸಲೀಸಾಗಿ ತಿರುಗದು.

ಒಬ್ಬನ ಕಾಲಿಗೆ ಆಗುತ್ತದಾ?

ಆಗುತ್ತದೆ. ಒಂದು ಸಲಕ್ಕೆ ಎತ್ತುವುದು ಒಂದು ತುದಿ ಮಾತ್ರ, ಅಂದರೆ ಅರ್ಧ ಭಾರ, 120 ಕಿಲೋ. ಇಲ್ಲಿ ಚಕ್ರವೇ ಸನ್ನೆಯ ಆಧಾರ. ಚಕ್ರದಿಂದ ಬಿಜಾಗರಿಗೆ 3 ಇಂಚು, ಚಕ್ರದಿಂದ ಪೈಪಿನ ತುದಿಗೆ 18 ಇಂಚು ಇಟ್ಟರೆ ಆರು ಪಟ್ಟು ಲಾಭ. 120 ÷ 6 = 20. ಇಪ್ಪತ್ತು ಕಿಲೋ, ಬಿಜಾಗರಿಯ ತಿಕ್ಕಾಟಕ್ಕೆ ಸ್ವಲ್ಪ ಹೆಚ್ಚು ಸೇರಿಸಿ. ಹೆಂಗಸರಿಗೂ ಸಾಧ್ಯ. ಬಲ ಕಡಿಮೆ ಆದಷ್ಟು ದೂರ ಹೆಚ್ಚಾಗುತ್ತದೆ: ಯಂತ್ರ ಅರ್ಧ ಇಂಚು ಏಳಬೇಕಾದರೆ ಪೈಪಿನ ತುದಿ ಮೂರು ಇಂಚು ಇಳಿಯಬೇಕು. ಅರ್ಧ ಇಂಚಿಗಿಂತ ಹೆಚ್ಚು ಎತ್ತುವ ಆಸೆ ಬೇಡ. ಎತ್ತರ ಹೆಚ್ಚಿದಷ್ಟು ಮಗುಚುವ ಭಯ.

ಬೀಗದ ತುಂಡಿನ ಮೇಲೂ ಸುಮಾರು 50 ಕಿಲೋ ಬೀಳುತ್ತದೆ. ಅಲ್ಲಿ ಪೆಟ್ಟಿಗೆಯ ಮೆದು ಮರ, ಕಪಾಟಿನ ಸಣ್ಣ ಬಿಜಾಗರಿ ಹಾಕಿದರೆ ಮೊದಲ ದಿನವೇ ಮುರಿದೀತು.

ಸರಿಸುವಾಗ ನೆನಪಿಡಿ

- ಕರೆಂಟಿನ ಪ್ಲಗ್ಗು ತೆಗೆದು, ವಯರು ಸುತ್ತಿಟ್ಟ ಮೇಲೆಯೇ ಸನ್ನೆಗೆ ಕಾಲಿಡಿ.

- ಒಂದು ತುದಿ ಎತ್ತಿ ಬೀಗ ಬಿದ್ದದ್ದನ್ನು ಕಣ್ಣಿನಲ್ಲಿ ನೋಡಿ. ಆಮೇಲೆ ಇನ್ನೊಂದು ತುದಿ.

- ಯಂತ್ರವನ್ನು ಉದ್ದಕ್ಕೆ ದೂಡಿ, ಕೈ ಸೊಂಟದ ಕೆಳಗೆ ಇರಲಿ. ಮೇಲಿನ ತಲೆ ಹಿಡಿದು ಎಳೆಯಬೇಡಿ. ಬ್ಯಾಂಡ್‌ಸಾ ಥರದ ಎತ್ತರದ ಯಂತ್ರಕ್ಕೆ ಚಕ್ರಗಳ ಅಂತರ ಇನ್ನೂ ಅಗಲ ಬೇಕು, ಸರಿಸುವಾಗ ಇಬ್ಬರು ಇರಬೇಕು.

- ನೀರು ಹರಿಯಲಿ ಅಂತ ಅಂಗಳಕ್ಕೆ ಇಳಿಜಾರು ಕೊಟ್ಟಿರುತ್ತೇವೆ. 20 ಅಡಿಗೆ ಒಂದು ಅಡಿ ಇಳಿಜಾರಿದ್ದರೆ 240 ಕಿಲೋ ಯಂತ್ರ 12 ಕಿಲೋ ಬಲದಿಂದ ಕೆಳಕ್ಕೆ ಎಳೆಯುತ್ತದೆ. ಒಮ್ಮೆ ಓಟ ಹಿಡಿದರೆ ಎದುರು ನಿಂತು ತಡೆಯಲು ಹೋಗಬಾರದು. ತೇರಿನ ಚಕ್ರಕ್ಕೆ ಗೊರಡು ಕೊಡುವ ಹಾಗೆ, ಒಬ್ಬ ಮರದ ಗೊರಡು ಹಿಡಿದು ಬದಿಯಲ್ಲಿ ನಡೆಯಲಿ.

- ಹೊಸ್ತಿಲು ದಾಟಿಸಲು ಓರೆ ಹಲಗೆ ಇಡಿ.

- ಇಳಿಸುವಾಗ ಪೈಪನ್ನು ಸ್ವಲ್ಪ ಒತ್ತಿ ಭಾರ ತಪ್ಪಿಸಿ, ಹಗ್ಗ ಎಳೆದು ಬೀಗ ಸರಿಸಿ, ನಿಧಾನ ಕಾಲು ಬಿಡಿ. ಬೀಗಕ್ಕೆ ಕೈ ಹಾಕಬೇಡಿ. ಮಕ್ಕಳು ಹತ್ತಿರ ಇರಬಾರದು.

ಇಳಿದ ಮೇಲೆ ನಾಲ್ಕು ಕಾಲೂ ನೆಲಕ್ಕೆ ತಾಗಿದೆಯಾ ನೋಡಬೇಕು. ಅಲುಗಾಡುವ ಕಾಲಿನ ಅಡಿಗೆ ತೆಳು ಬೆಣೆ ಕೊಟ್ಟು ಗಟ್ಟಿ ಮಾಡಿಯೇ ಸ್ವಿಚ್ಚು ಹಾಕಿ. ಆಟಿ ತಿಂಗಳಿನ ತಂಪಿಗೆ ಚಕ್ರದ ಬೇರಿಂಗು, ಬಿಜಾಗರಿ ಎರಡೂ ತುಕ್ಕು ಹಿಡಿಯುತ್ತದೆ. ಮಳೆಗೆ ಮೊದಲು ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ಗ್ರೀಸು ಹಾಕಿ.

ಬಡಗಿ ಕೆಲಸ ಗೊತ್ತಿದ್ದವರಿಗೆ ಇದು ಒಂದು ದಿನದ ಕೆಲಸ. ಹೊರಗಿನಿಂದ ತರಬೇಕಾದದ್ದು ಚಕ್ರ, ಬಿಜಾಗರಿ, ಬೋಲ್ಟು, ಪೈಪು, ಇಷ್ಟೆ. ಮರ ಮನೆಯಲ್ಲೇ ಉಂಟಲ್ಲ. ಸೊಂಟ ಹಿಡಿದುಕೊಂಡು ಎಂಟು ದಿನ ಮಲಗುವುದಕ್ಕಿಂತ ಒಂದು ದಿನ ಕೂತು ಇದನ್ನು ಮಾಡುವುದು ಲೇಸು. ಮಾಡಿ ನೋಡಿದವರು ಇನ್ನೂ ಸುಲಭದ ಉಪಾಯ ಕಂಡುಕೊಂಡರೆ ಪತ್ರಿಕೆಗೆ ಬರೆಯಿರಿ, ಎಲ್ಲರಿಗೂ ಉಪಕಾರವಾದೀತು.