ಟ್ಯಾಗ್ ಸಾಕೇ, ಕಸ್ಟಮ್ ಫೀಲ್ಡ್ ಬೇಕೇ?

ಕಾಲೇಜಿನ ವೆಬ್‌ಸೈಟ್‌ನಲ್ಲಿ ವಿದ್ಯಾರ್ಥಿವೇತನದ ಪ್ರಕಟಣೆಗಳನ್ನು ಹಾಕುವ ಕೆಲಸ ಕಳೆದ ವರ್ಷ ನನಗೆ ಸಿಕ್ಕಿತು. ಅದು ವರ್ಡ್‌ಪ್ರೆಸ್‌ನಲ್ಲಿ ನಡೆಯುತ್ತದೆ. ಟ್ಯಾಗ್ ಹಾಕುವುದು ಸುಲಭವೆಂದು ಎಲ್ಲವನ್ನೂ ಟ್ಯಾಗ್ ಮಾಡಿಬಿಟ್ಟೆ: ‘ವಾಣಿಜ್ಯ’, ‘ಬಾಲಕಿಯರಿಗೆ’, ‘ಕೊನೆಯ ದಿನ ನವೆಂಬರ್ 30’, ‘ಆದಾಯ ಮಿತಿ 2 ಲಕ್ಷ’. ಕೆಲವೇ ವಾರಗಳಲ್ಲಿ ಪ್ರಕಟಣೆಗಳಿಗಿಂತ ಟ್ಯಾಗ್‌ಗಳೇ ಹೆಚ್ಚಾದವು. ಪ್ರಥಮ ಪಿಯುಸಿಯ ಒಬ್ಬ ಹುಡುಗಿ ನನ್ನ ಪಟ್ಟಿ ನೋಡಿ ಮೇಲಿನಿಂದ ಒಂದೊಂದೇ ಅರ್ಜಿ ಹಾಕುತ್ತಾ ಬಂದಳು. ಎಲ್ಲಕ್ಕಿಂತ ಮೊದಲು ಮುಗಿಯುವ ಅರ್ಜಿ ಕೆಳಗಿತ್ತು. ಅಲ್ಲಿಗೆ ಬರುವಷ್ಟರಲ್ಲಿ ದಿನ ದಾಟಿತ್ತು. ಅವಳು ನನಗೆ ಏನೂ ಅನ್ನಲಿಲ್ಲ. ಅದೇ ಕಷ್ಟವಾಯಿತು.

ಮನೆಯಲ್ಲಿ ಹೇಳಿದಾಗ ಅಮ್ಮಿ ಕೇಳಿದ್ದು ಎರಡೇ ಪ್ರಶ್ನೆ: “ಕಿತ್ನಾ? ಕಬ್ ತಕ್?” ಎಷ್ಟು ಹಣ, ಯಾವತ್ತಿನವರೆಗೆ. ಈ ಎರಡಕ್ಕೂ ಟ್ಯಾಗ್ ಉತ್ತರ ಕೊಡುವುದಿಲ್ಲ.

ನಮ್ಮ ಅಕೌಂಟೆನ್ಸಿಯಿಂದಲೇ ನೋಡೋಣ. ‘ಬಾಡಿಗೆ’ ಎಂಬ ಖಾತೆಯ ಹೆಸರು ಹತ್ತಾರು ನಮೂದುಗಳಿಗೆ ಒಂದೇ. ಆದರೆ ದಿನಾಂಕ ಮತ್ತು ಮೊತ್ತ ಆಯಾ ನಮೂದಿನದ್ದೇ, ಅವಕ್ಕೆ ಬೇರೆ ಕಾಲಂ ಇದೆ. ಯಾರಾದರೂ ‘ರೂ. 4,500’ ಎಂಬ ಹೆಸರಿನ ಖಾತೆ ತೆರೆಯುತ್ತಾರೆಯೇ? ನಾನು ಮಾಡಿದ್ದು ಅದನ್ನೇ. ಟ್ಯಾಗ್ ಎಂದರೆ ಖಾತೆಯ ಹೆಸರು: ಒತ್ತಿದರೆ ಅದೇ ಗುಂಪಿನ ಎಲ್ಲ ಪ್ರಕಟಣೆಗಳೂ ಒಂದು ಪುಟದಲ್ಲಿ ತಾನಾಗಿ ಬರುತ್ತವೆ. ಕಸ್ಟಮ್ ಫೀಲ್ಡ್ ಎಂದರೆ ಕಾಲಂ: ‘ಕೊನೆಯ ದಿನ’ ಎಂಬ ಹೆಸರು, ಎದುರಿಗೆ ಒಂದು ಬೆಲೆ. ಅದಕ್ಕೆ ಸ್ವಂತ ಪುಟವಿಲ್ಲ, ಆದರೆ ಅದರ ಪ್ರಕಾರ ಪಟ್ಟಿಯನ್ನು ಜೋಡಿಸಬಹುದು.

‘ಬಾಲಕಿಯರಿಗೆ’ ಎಂಬುದನ್ನು ಟ್ಯಾಗ್ ಆಗಿಯೇ ಉಳಿಸಿದೆ, ಹುಡುಗಿಯರು ಅದನ್ನು ಒತ್ತಿ ಒಟ್ಟಿಗೆ ನೋಡುತ್ತಾರೆ. ಆದರೆ ‘ವಿದ್ಯಾರ್ಥಿವೇತನ’, ‘ಸ್ಕಾಲರ್‌ಶಿಪ್’, ‘ವಜೀಫಾ’ ಎಂದು ಮೂರು ಟ್ಯಾಗ್ ಇದ್ದವು. ಮೂರನೆಯದು ನನ್ನ ನಾಲಿಗೆಯ ತಪ್ಪು! ವರ್ಡ್‌ಪ್ರೆಸ್‌ಗೆ ಅರ್ಥ ತಿಳಿಯದು, ಅಕ್ಷರ ಬೇರೆಯಾದರೆ ಗುಂಪೂ ಬೇರೆ.

ಫೀಲ್ಡ್ ಹಾಕುವ ಪೆಟ್ಟಿಗೆ ಎಡಿಟರ್‌ನಲ್ಲಿ ಮೊದಲಿಗೆ ಕಾಣುವುದಿಲ್ಲ, ಪ್ರಿಫರೆನ್ಸಸ್‌ಗೆ ಹೋಗಿ ಆನ್ ಮಾಡಬೇಕು. ಬರೆದ ಬೆಲೆಯನ್ನು ಪುಟದಲ್ಲಿ ತೋರಿಸಲು ಮತ್ತು ಜೋಡಿಸಲು ಥೀಮ್‌ನಲ್ಲಿ ಕೆಲವು ಸಾಲು ಕೋಡ್ ಬೇಕು, ಅದನ್ನು ಕಂಪ್ಯೂಟರ್ ಸೈನ್ಸ್ ಸರ್ ಬರೆದುಕೊಟ್ಟರು.

ನಾನು ಹೆಚ್ಚು ಸಮಯ ಕಳೆದದ್ದು ಇನ್ನೊಂದು ಕಡೆ. ಫೀಲ್ಡ್‌ನ ಬೆಲೆ ಅಕ್ಷರಗಳಾಗಿ ಉಳಿಯುತ್ತದೆ. ನಾನು 30-11-2024 ಮತ್ತು 05-12-2024 ಎಂದು ಬರೆದಾಗ ಡಿಸೆಂಬರ್ ಮೊದಲು ಬಂತು, ಏಕೆಂದರೆ 3ಕ್ಕಿಂತ 0 ಮುಂದೆ. ವರ್ಷ ಮೊದಲು ಇಟ್ಟು 2024-11-30, 2024-12-05 ಎಂದು ಬರೆದ ಮೇಲೆ ಸರಿಯಾಯಿತು. ಆದಾಯ ಮಿತಿಯಲ್ಲೂ ಹಾಗೆಯೇ: 80000 ಎಂಬುದು 250000ದ ನಂತರ ಕುಳಿತಿತ್ತು. ಅದನ್ನು ಅಂಕಿಯಾಗಿ ಓದು ಎಂದು ಕೋಡ್‌ನಲ್ಲಿ ಹೇಳಬೇಕಾಯಿತು. ಮಿತಿಯಲ್ಲಿ ಅಲ್ಪವಿರಾಮವನ್ನೂ ಹಾಕಬಾರದು.

ಈಗ ಮೊದಲು ಮುಗಿಯುವ ಅರ್ಜಿ ಮೇಲೆ ಬರುತ್ತದೆ. ಆ ಹುಡುಗಿಗೆ ಹೋಗಿ ತೋರಿಸಿದೆ, ಅವಳು ಇನ್ನೊಂದಕ್ಕೆ ಅರ್ಜಿ ಹಾಕಿದ್ದಾಳೆ. ಹಳೆಯ ದಿನಾಂಕದ ಟ್ಯಾಗ್‌ಗಳಲ್ಲಿ ಹನ್ನೊಂದು ಇನ್ನೂ ಉಳಿದಿವೆ. ಟ್ಯಾಗ್ ಅಳಿಸಿದರೆ ಪ್ರಕಟಣೆ ಅಳಿಯುವುದಿಲ್ಲ. ಆದರೂ ಮೊದಲು ಆ ದಿನಾಂಕವನ್ನು ಫೀಲ್ಡ್‌ಗೆ ಬರೆದುಕೊಂಡು, ಆಮೇಲೆ ಅಳಿಸುತ್ತಿದ್ದೇನೆ.