ಮೂರನೇ ವರ್ಷದ ಬಗ್ಗೆ ಕೇಳು

ಪುಟ್ಟೀ,

ಅರ್ಥಶಾಸ್ತ್ರದ ಪಿಎಚ್‌.ಡಿ.ಗೆ ಅಮೆರಿಕದ ಎರಡು ಕಡೆ ಸೀಟು ಸಿಕ್ಕಿದೆ, ಯಾವುದಕ್ಕೆ ಹೋಗಲಿ ಅಂತ ಕೇಳಿದ್ದೀಯ. ರ್‍ಯಾಂಕಿಂಗ್ ಪಟ್ಟಿ ನೀನೇ ನೋಡಿರುತ್ತೀಯ. ಅದರಲ್ಲಿ ಸಿಗದ್ದನ್ನು ಬರೆಯುತ್ತೇನೆ. ನಿನ್ನ ಹಾಗೆ ಹೊರಟಿರುವ ಬೇರೆ ಮಕ್ಕಳೂ ಓದಿಕೊಳ್ಳಲಿ.

ಇಲ್ಲಿ ಮಾಡಿದ ಎಂ.ಎ.ಯಿಂದ ಅಲ್ಲಿ ಒಂದು ವರ್ಷ ಉಳಿಯುತ್ತದೆ ಅಂದುಕೊಳ್ಳಬೇಡ. ಬಿ.ಎ. ಮುಗಿಸಿದವರನ್ನೂ ಅವರು ನೇರವಾಗಿ ಪಿಎಚ್‌.ಡಿ.ಗೆ ಸೇರಿಸಿಕೊಳ್ಳುತ್ತಾರೆ. ಹೆಚ್ಚಿನ ಕಡೆ ಮೊದಲ ವರ್ಷದ ಪಾಠ ಎಲ್ಲರಿಗೂ ಒಂದೇ: ಮೈಕ್ರೋ, ಮ್ಯಾಕ್ರೋ, ಎಕನಾಮೆಟ್ರಿಕ್ಸ್. ಅದಕ್ಕೂ ಮುಂಚೆ ಆಗಸ್ಟ್ ಸುಮಾರಿಗೆ ಗಣಿತದ ‘ಮ್ಯಾಥ್ ಕ್ಯಾಂಪ್’.

ಮೈಕ್ರೋಗೆ ಮಾಸ್-ಕೊಲೆಲ್, ವಿನ್‌ಸ್ಟನ್, ಗ್ರೀನ್ ಮೂವರು ಸೇರಿ 1995ರಲ್ಲಿ ತಂದ, ಹತ್ತಿರಹತ್ತಿರ ಸಾವಿರ ಪುಟದ ಪುಸ್ತಕವೇ ಇವತ್ತಿಗೂ ಬಹಳ ಕಡೆ ಆಧಾರ. ತೆರೆದು ನೋಡು. ಬೆಂಬಲ ಬೆಲೆ, ರೈತರ ಸಾಲ ಯಾವುದೂ ಕಾಣದು. ಪ್ರಮೇಯ, ಸಾಧನೆ, ಮತ್ತೆ ಪ್ರಮೇಯ. ಅರ್ಥಶಾಸ್ತ್ರಕ್ಕೆ ಬಂದೆನೋ ಗಣಿತಕ್ಕೋ ಅಂತ ಅಕ್ಟೋಬರ್ ಹೊತ್ತಿಗೆ ಅನುಮಾನ ಬಂದೀತು. ನೋಟ್ಸ್ ಉರು ಹೊಡೆದು ಫಸ್ಟ್ ಕ್ಲಾಸ್ ತರುವ ವಿದ್ಯೆ ಅಲ್ಲಿ ನಡೆಯುವುದಿಲ್ಲ. ಈ ಬೇಸಿಗೆಯಲ್ಲಿ ಬಾರ್ಟಲ್-ಶೆರ್ಬರ್ಟ್ ಅವರ ರಿಯಲ್ ಅನಾಲಿಸಿಸ್ ಹಿಡಿದುಕೊಂಡು, ದಿನಾ ಒಂದೆರಡು ಸಾಧನೆಗಳನ್ನು ಪುಸ್ತಕ ಮುಚ್ಚಿ ಬರೆದು ನೋಡು. ಅಲ್ಲಿ ಹೋದ ಮೇಲೆ ಪ್ರಾಬ್ಲಂ ಸೆಟ್‌ಗಳನ್ನು ಒಬ್ಬಳೇ ಬಿಡಿಸುವ ಹಟ ಬೇಡ, ನಾಲ್ಕು ಜನ ಕೂತು ವಾದ ಮಾಡುತ್ತಾ ಬಿಡಿಸುವುದೇ ರೂಢಿ. ವರ್ಷದ ಕೊನೆಗೆ ಪ್ರಿಲಿಮ್ಸ್ ಪರೀಕ್ಷೆ. ಫೇಲಾದರೆ ಸಾಮಾನ್ಯವಾಗಿ ಇನ್ನೊಂದು ಅವಕಾಶ ಇರುತ್ತದೆ. ಅದೂ ಹೋದರೆ ಎಂ.ಎ. ಕೈಗಿಟ್ಟು ಕಳಿಸುತ್ತಾರೆ.

ಎರಡನೇ ವರ್ಷ ಅಭಿವೃದ್ಧಿಯೋ, ಕಾರ್ಮಿಕ ಅರ್ಥಶಾಸ್ತ್ರವೋ, ನಿನಗೆ ಬೇಕಾದ ಒಂದೆರಡು ಫೀಲ್ಡ್ ಓದುವುದು. ಅದು ಸುಖದ ವರ್ಷ.

ಕಷ್ಟವೆಲ್ಲ ಮೂರನೆಯದರಲ್ಲಿ. ತರಗತಿ ಇಲ್ಲ, ಪರೀಕ್ಷೆ ಇಲ್ಲ, ಬೆಳಿಗ್ಗೆ ಎದ್ದರೆ ಹೋಗಲೇಬೇಕಾದ ಜಾಗವೂ ಇಲ್ಲ. ಬೇರೆಯವರು ಕೊಟ್ಟ ಪ್ರಶ್ನೆ ಬಿಡಿಸುತ್ತಿದ್ದವಳು ಈಗ ಪ್ರಶ್ನೆಯನ್ನೇ ಹುಡುಕಬೇಕು. ಎರಡೂ ಬೇರೆ ಬೇರೆ ಕಸುಬು. ಒಂದರಿಂದ ಇನ್ನೊಂದಕ್ಕೆ ದಾಟುವುದನ್ನು ಯಾವ ಪೇಪರಿನಲ್ಲೂ ಕಲಿಸುವುದಿಲ್ಲ. ಪ್ರಿಲಿಮ್ಸ್‌ನಲ್ಲಿ ಮಿಂಚಿದವರು ಈ ಹಂತದಲ್ಲಿ ತಿಂಗಳುಗಟ್ಟಲೆ ಮಂಕಾಗಿ ಕೂತದ್ದನ್ನು ಕಂಡಿದ್ದೇನೆ. ಆದ್ದರಿಂದ ಒಂದೆರಡು ಪ್ರಶ್ನೆಗಳನ್ನು ಇಲ್ಲಿಂದಲೇ ಕೊಂಡೊಯ್ಯಿ. ವಿ.ಕೆ.ಆರ್.ವಿ. ರಾವ್ 1972ರಲ್ಲಿ ಕಟ್ಟಿದ ಸಂಶೋಧನಾ ಸಂಸ್ಥೆ ಐಸೆಕ್ ಬೆಂಗಳೂರಿನ ನಾಗರಭಾವಿಯಲ್ಲೇ ಇದೆಯಲ್ಲ, ನಮ್ಮ ಬೇಸಾಯದ ಮೇಲೆ, ಪಂಚಾಯಿತಿಗಳ ಮೇಲೆ ಅಲ್ಲಿನವರು ಮಾಡಿರುವ ಅಧ್ಯಯನಗಳನ್ನು ಹೊರಡುವ ಮುಂಚೆ ತಿರುವಿ ಹಾಕು.

ಥೀಸಿಸ್ ಅಂದರೆ ಈಗ ಒಂದೇ ದಪ್ಪ ಗ್ರಂಥವಲ್ಲ, ಸಾಮಾನ್ಯವಾಗಿ ಮೂರು ಪ್ರಬಂಧ. ಅದರಲ್ಲಿ ಗಟ್ಟಿಯಾದದ್ದೇ ‘ಜಾಬ್ ಮಾರ್ಕೆಟ್ ಪೇಪರ್’. ಐದನೆಯದೋ ಆರನೆಯದೋ ವರ್ಷ ಅದನ್ನು ಹಿಡಿದು ದೇಶದ ಅಭ್ಯರ್ಥಿಗಳೆಲ್ಲ ಒಂದೇ ಹೊತ್ತಿಗೆ ಕೆಲಸಕ್ಕೆ ಅರ್ಜಿ ಹಾಕುತ್ತಾರೆ. ಅಮೆರಿಕನ್ ಎಕನಾಮಿಕ್ ಅಸೋಸಿಯೇಷನ್ ಮೂಲಕ ಒಂದೆರಡು ಕಡೆಗೆ ಮಾತ್ರ ‘ನಿಮ್ಮಲ್ಲಿ ವಿಶೇಷ ಆಸಕ್ತಿ ಇದೆ’ ಎಂಬ ಸಿಗ್ನಲ್ ಕಳಿಸುವ ಏರ್ಪಾಡೂ ಉಂಟು. ಸ್ವಂತ ನೌಕರಿಗೂ ಸಿದ್ಧಾಂತ ಹಚ್ಚುವ ಜನ!

ದುಡ್ಡಿನ ಮಾತು. ಒಳ್ಳೆಯ ಕಡೆ ಫೀಸ್ ಮಾಫಿ, ಮೇಲೆ ಸ್ಟೈಪೆಂಡ್; ಬದಲಿಗೆ ಬಿ.ಎ. ಮಕ್ಕಳ ಪಾಠಕ್ಕೆ ಸಹಾಯಕಿಯಾಗಿ ದುಡಿಯಬೇಕು. ಕೈಯಿಂದ ಹಣ ಹಾಕಿ ಮಾತ್ರ ಹೋಗಬೇಡ. ಎರಡೂ ಕಡೆಗೆ ಬರೆದು ಕೇಳು: ಆರನೇ ವರ್ಷಕ್ಕೂ ಸ್ಟೈಪೆಂಡ್ ಉಂಟೆ? ಸೇರಿದವರಲ್ಲಿ ಎಷ್ಟು ಜನ ಮೂರನೇ ವರ್ಷ ದಾಟುತ್ತಾರೆ? ಆ ವರ್ಷ ಗೈಡ್ ಕೈಗೆ ಸಿಗುತ್ತಾರೆಯೆ? ಕೊನೆಯದನ್ನು ಪ್ರಾಧ್ಯಾಪಕರನ್ನಲ್ಲ, ಈಗ ಅಲ್ಲಿರುವ ವಿದ್ಯಾರ್ಥಿಗಳನ್ನು ಕೇಳು. ಒಪ್ಪಿಗೆ ತಿಳಿಸಲು ಸಾಮಾನ್ಯವಾಗಿ ಏಪ್ರಿಲ್ 15ರವರೆಗೆ ಸಮಯ ಇರುತ್ತದೆ. ಯಾರಾದರೂ ಮೊದಲೇ ಒತ್ತಾಯಿಸಿದರೆ ಅವಸರಪಡದೆ ನನಗೊಂದು ಫೋನ್ ಮಾಡು.

ಇಂತಿ,
ನಿನ್ನ ಸೋದರಮಾವ