ಮನೆಯ ಒಲೆಯ ಪಾಠ ಮತ್ತು ಹೋಟೆಲಿನ ಒಲೆಯ ಪಾಠ



ನಮ್ಮ ಪೀಳಿಗೆಯವರು ಕೆಲಸ ಕಲಿತದ್ದು ಹೋಟೆಲಿನಲ್ಲೇ. ಪುಣೆಯ ಫರ್ಗ್ಯುಸನ್ ಕಾಲೇಜು ರಸ್ತೆಯಲ್ಲಿ ವೈಶಾಲಿ, ರೂಪಾಲಿ ನಡೆಸಿದ ದಿವಂಗತ ಜಗನ್ನಾಥ ಶೆಟ್ಟರೂ ಹುಡುಗನಾಗಿ ಊರು ಬಿಟ್ಟು ಬಂದು, ಹೋಟೆಲಿನಲ್ಲಿ ದುಡಿದೇ ಮೇಲೆ ಬಂದವರು. ನಾವೂ ಎಸ್ಸೆಸ್ಸೆಲ್ಸಿ ಮುಗಿಸಿ, ಲೋಟ ತೊಳೆಯುವುದರಿಂದ ಶುರು ಮಾಡಿದವರು. ಆದ್ದರಿಂದ "ಪ್ರಾಕ್ಟಿಕಲ್ ಎಲ್ಲಾ ಮನೆಯಲ್ಲೇ ಮಾಡಿದ್ದೇನೆ ಸರ್" ಎಂದು ಒಬ್ಬ ಹುಡುಗ ತರಬೇತಿಗೆ ಬಂದಾಗ ನಮಗೆ ನಗು ಬಂತು.

2020ರ ಮಾರ್ಚ್‌ನಲ್ಲಿ ಕೊರೋನಾದಿಂದ ಕಾಲೇಜುಗಳು ಮುಚ್ಚಿದವು. ಹೋಟೆಲ್ ಮ್ಯಾನೇಜ್‌ಮೆಂಟ್ ವಿದ್ಯಾರ್ಥಿಗಳು ಮನೆಯಲ್ಲಿ ಅಡುಗೆ ಮಾಡಿ, ಫೋಟೋ, ವಿಡಿಯೋ ಕಳುಹಿಸಿ ಪಾಠ ಮುಗಿಸಬೇಕಾಯಿತು. ನಮ್ಮ ಹೋಟೆಲುಗಳಲ್ಲಿ ಗಿರಾಕಿ ಕೂತು ತಿನ್ನಲು ಅನುಮತಿ ಸಿಕ್ಕಿದ್ದು ಆ ವರ್ಷ ಅಕ್ಟೋಬರ್ 5ಕ್ಕೆ, ಅದೂ ಅರ್ಧ ಕುರ್ಚಿಗಳಿಗೆ. ಈ ಹುಡುಗ ಬಂದದ್ದು 2022ರಲ್ಲಿ. ಅಕ್ಕಲಕೋಟೆ ಕಡೆಯ ಕನ್ನಡ ಮನೆಯವನು. ಕೈಯಲ್ಲೊಂದು ನೋಟ್‌ಬುಕ್ ಇತ್ತು.

ಒಂದು ಬೆಳಿಗ್ಗೆ ನಮ್ಮ ಭಟ್ಟರು ಬರಲಿಲ್ಲ. ಹುಡುಗ ಉಪ್ಪಿಟ್ಟಿಗೆ ನಿಂತ. ಮನೆಯಲ್ಲಿ 200 ಗ್ರಾಂ ರವೆಗೆ 800 ಮಿಲಿ ನೀರು ಎಂದು ಬರೆದುಕೊಂಡಿದ್ದ. ಅದೇ ಲೆಕ್ಕದಲ್ಲಿ 5 ಕಿಲೋ ರವೆಗೆ 20 ಲೀಟರ್ ಹಾಕಿದ. ಉಪ್ಪಿಟ್ಟು ಗಂಜಿಯಾಯಿತು. ಗಿರಾಕಿಗಳು ಎದ್ದು ಹೋದರು. ನಾವು ಎಲ್ಲರೆದುರು ಅವನನ್ನು ಬೈದೆವು.

ಮರುದಿನ ಭಟ್ಟರು ಹೇಳಿದರು: "ಶೆಟ್ರೇ, ಅವನ ತಪ್ಪಲ್ಲ. ನಾನು 15 ಲೀಟರೇ ಇಡುವುದು. ಅದನ್ನು ಎಲ್ಲಿ ಬರೆದಿಟ್ಟಿದ್ದೇವೆ?" ಮಾತು ನಿಜ. ಚಿಕ್ಕ ಬಾಣಲೆಯಲ್ಲಿ ನೀರಿನ ದೊಡ್ಡ ಪಾಲು ಆವಿಯಾಗುತ್ತದೆ; ದೊಡ್ಡ ಪಾತ್ರೆಯಲ್ಲಿ ಅಷ್ಟು ಪಾಲು ಹೋಗುವುದಿಲ್ಲ. ಪುಸ್ತಕದ ಗುಣಾಕಾರ ಒಲೆಯ ಮೇಲೆ ನಡೆಯುವುದಿಲ್ಲ. ಹುಡುಗನ ಹತ್ತಿರ ಬರೆದ ಅಳತೆ ಇತ್ತು, ದೊಡ್ಡ ಪಾತ್ರೆಯ ಅನುಭವ ಇರಲಿಲ್ಲ. ನಮ್ಮಲ್ಲಿ ಅನುಭವ ಇತ್ತು, ಬರೆದ ಅಳತೆ ಇರಲಿಲ್ಲ. ಭಟ್ಟರಿಗೆ ಅರವತ್ತು ದಾಟಿದೆ. ಅವರು ಊರಿಗೆ ಹೋದ ದಿನ ನಮ್ಮ ಸಾಂಬಾರಿನ ರುಚಿಯೂ ಅವರ ಜೊತೆ ಹೋಗುತ್ತದಲ್ಲ ಎಂದು ಅಂದು ನಮಗೆ ಹೆದರಿಕೆಯಾಯಿತು.

ಅಂದಿನಿಂದ ತರಬೇತಿಗೆ ಬರುವವರಿಗೆ ಮನೆಯಲ್ಲಿ ಮಾಡಿ ತರಲು ನಾಲ್ಕು ಪಾಠ ಕೊಡುತ್ತೇವೆ.

1. ತೂಕ: ಒಂದು ಕಿಲೋ ಈರುಳ್ಳಿ ಸುಲಿದು, ಉಳಿದದ್ದನ್ನು ತೂಗಬೇಕು. 40 ರೂಪಾಯಿಯ ಈರುಳ್ಳಿ 850 ಗ್ರಾಂ ಉಳಿದರೆ ನಿಜವಾದ ದರ ಕಿಲೋಗೆ 47 ರೂಪಾಯಿ.

2. ಹಿಟ್ಟು: ಇಡ್ಲಿ ಹಿಟ್ಟನ್ನು ಎರಡು ಪಾತ್ರೆಗೆ ಹಾಕಿ, ಒಂದನ್ನು ಬೆಚ್ಚಗೆ, ಒಂದನ್ನು ತಣ್ಣಗೆ ಇಟ್ಟು, ಎಷ್ಟು ಗಂಟೆಗೆ ಎಷ್ಟು ಉಬ್ಬಿತು ಎಂದು ಬರೆಯಬೇಕು. ಪುಣೆಯ ಡಿಸೆಂಬರ್ ಚಳಿಯಲ್ಲಿ ಹಿಟ್ಟು ಏಕೆ ಏಳುವುದಿಲ್ಲ ಎಂಬುದು ಆಗ ತಾನೇ ತಿಳಿಯುತ್ತದೆ.

3. ನಕ್ಷೆ: ಗ್ರಾಫ್ ಕಾಗದದಲ್ಲಿ ಒಂದು ಚೌಕಕ್ಕೆ ಒಂದು ಅಡಿಯಂತೆ ಅಡುಗೆಮನೆ ಬಿಡಿಸಬೇಕು. ಹಸಿ ಸಾಮಾನು ಮತ್ತು ಎಂಜಲು ಪಾತ್ರೆ ಹೋಗುವ ದಾರಿಗೆ ಕೆಂಪು ಗೆರೆ, ಬೆಂದ ಆಹಾರದ ದಾರಿಗೆ ನೀಲಿ ಗೆರೆ. ಎರಡೂ ಎಲ್ಲಿ ಕೂಡುತ್ತವೋ ಅಲ್ಲಿ ನಕ್ಷೆ ಬದಲಿಸಬೇಕು. ಆ ಹುಡುಗ ನಮ್ಮ ಅಡುಗೆಮನೆಯನ್ನೇ ಬಿಡಿಸಿ ತಂದಾಗ ಗೆರೆ ಮೂರು ಕಡೆ ಕೂಡಿತ್ತು. ತೊಳೆಯುವ ಜಾಗವನ್ನು ನಾವು ಬದಲಿಸಿದೆವು.

4. ಎಲೆ: ಬಾಳೆಲೆಯ ಚಿತ್ರ ಬರೆದು ಬಡಿಸುವ ಕ್ರಮ ಗುರುತಿಸಬೇಕು. ತುದಿ ಊಟ ಮಾಡುವವರ ಎಡಕ್ಕೆ, ಉಪ್ಪು, ಉಪ್ಪಿನಕಾಯಿ ಎಡ ಮೇಲ್ಭಾಗಕ್ಕೆ, ಅನ್ನ ಕೆಳಗೆ. ಡಿಸೈನ್ ಎಂದರೆ ಇದೇ: ಕೈಗೆ ಸಿಗಬೇಕಾದದ್ದು ಸಿಗುವ ಜಾಗದಲ್ಲಿರುವುದು.

ಮನೆಯಲ್ಲಿ ಕಲಿಯಲು ಆಗದ್ದು ಒಂದಿದೆ, ಅದು ಪ್ರಮಾಣ. 2 ಲೀಟರ್ ಸಾಂಬಾರು ಬೇಗ ಆರುತ್ತದೆ. 40 ಲೀಟರ್ ಸಾಂಬಾರನ್ನು ಹಾಗೇ ಮುಚ್ಚಿಟ್ಟರೆ ನಡುವೆ ಗಂಟೆಗಟ್ಟಲೆ ಉಗುರುಬೆಚ್ಚಗೇ ಇರುತ್ತದೆ. 5 ಡಿಗ್ರಿಯಿಂದ 60 ಡಿಗ್ರಿವರೆಗಿನ ಬಿಸಿಯಲ್ಲಿ ರೋಗಾಣುಗಳು ಬೇಗ ಬೆಳೆಯುತ್ತವೆ. ಅದನ್ನು ಅಗಲವಾದ, ಆಳವಿಲ್ಲದ ತಟ್ಟೆಗಳಿಗೆ ಹಂಚಿ ಆರಿಸಿ, ಬೇಗ ಫ್ರಿಜ್‌ಗೆ ಇಡಬೇಕು. ಇದನ್ನು ಕಲಿಸುವ ಜವಾಬ್ದಾರಿ ನಮ್ಮದು.

ಬಂಧುಗಳೇ, ಮನೆಯಲ್ಲಿ ಕಲಿತವನೆಂದು ಯಾರನ್ನೂ ಬಾಗಿಲಿನಿಂದ ಕಳುಹಿಸಬೇಡಿ. ನೋಟ್‌ಬುಕ್ ತರಿಸಿ ನೋಡಿ, ಭಟ್ಟರ ಪಕ್ಕದಲ್ಲಿ ನಿಲ್ಲಿಸಿ. ನಮ್ಮ ಹುಡುಗ ಹೋಗುವ ಮೊದಲು ಭಟ್ಟರ ಕೈ ಅಳತೆಯನ್ನೆಲ್ಲ ತಕ್ಕಡಿಯಲ್ಲಿ ತೂಗಿ ಬರೆದುಕೊಟ್ಟ. ಉಪ್ಪಿಟ್ಟಿನ ಪುಟದಲ್ಲಿ 20ನ್ನು ಹೊಡೆದು 15 ಎಂದು ತಿದ್ದಿದ್ದಾನೆ. ಆ ಪುಸ್ತಕ ಈಗ ನಮ್ಮ ಗಲ್ಲಾದ ಪಕ್ಕದಲ್ಲಿದೆ. ನಿಮ್ಮ ಹೋಟೆಲಿನಲ್ಲೂ ಇಂಥದ್ದೊಂದು ಪುಸ್ತಕ ಈ ವರ್ಷವೇ ಶುರುವಾಗಲಿ.